ಕೆಂಪು ನೂಲಿನ ವಯರು

ರತ್ನಕ್ಕ,

ಮಾಲತಿಯನ್ನು ತವರಿನಿಂದ ಕರೆತರಲು ಮೊದಲ ಬಸ್ಸಿಗೆ ಕಾರ್ಕಳಕ್ಕೆ ಹೊರಟೆ. ಇವತ್ತು ಸೈಬರ್ ಕೆಫೆ ನಿನ್ನ ಕೈಯಲ್ಲಿ.

ನಿನ್ನೆ ಆಯುಧಪೂಜೆಗೆ ವಯರು ಕಿತ್ತು ಒರೆಸಿಟ್ಟ, ನೆಟ್ಟಿನ ಕಾವಲಿನ ಫೈರ್‌ವಾಲ್ ಪೆಟ್ಟಿಗೆ ದೇವರ ಮುಂದೆಯೇ ಉಂಟು. ಬೆಳಗ್ಗಿನ ಆರತಿ ಆಗದೆ ಮುಟ್ಟಬಾರದೆಂದು ಅಮ್ಮನ ಆಜ್ಞೆ, ಹಾಗಾಗಿ ಜೋಡಿಸುವ ಕೆಲಸ ನಿನಗೆ ಬಂತು. ಹನ್ನೊಂದಕ್ಕೆ ಹೂವಪ್ಪಣ್ಣ ಮಸ್ಕತ್ತಿನಲ್ಲಿ ಹುಟ್ಟಿದ ಮೊಮ್ಮಗುವನ್ನು ವಿಡಿಯೋ ಕಾಲಿನಲ್ಲಿ ಮೊದಲ ಸಲ ನೋಡಲು ಬರುತ್ತಾರೆ. ಅಷ್ಟರಲ್ಲಿ ನೆಟ್ ಬರಲೇಬೇಕು.

ಕೆಂಪು ನೂಲಿನ ವಯರು ಹೊರಗಿನ ಲೈನಿನದು, ಎಡತುದಿಯ ತೂತಿಗೆ. ನೀಲಿ ನೂಲಿನವು ಕಂಪ್ಯೂಟರುಗಳವು, ಪಕ್ಕದ ನಾಲ್ಕಕ್ಕೆ. ಬಲತುದಿಯ ‘ಕನ್ಸೋಲ್’ ಖಾಲಿಯೇ ಇರಲಿ. ಕಳೆದ ವರ್ಷ ಪೂಜೆ ಮುಗಿಸಿ ಅದಕ್ಕೇ ಲೈನು ಚುಚ್ಚಿ, ಎರಡು ದಿನ ಸುಮ್ಮನೆ ಟೆಲಿಫೋನಿನವರನ್ನು ಬೈದವನು ನಾನು. ಪೆಟ್ಟಿಗೆಯ ದೀಪಗಳ ಮೇಲೆ ನಾನು ಹಚ್ಚಿದ ಗಂಧ ಒರೆಸು. ಹಸಿರು ಮಿನುಗಿದರೆ ಗೆದ್ದೆವು.

ನಿನ್ನೆ ವಯರು ಕೀಳುವ ಮೊದಲು ಮನೆಯಿಂದ ಮೀನುಬಲೆಯ ನೂಲು ತಂದು ಗುರುತು ಕಟ್ಟಿದವಳು ನೀನು. “ಎಂತ ಮಾರಾಯ, ನಮ್ಮ ಬಲೆಗೂ ಗುರುತು ಉಂಟು. ನಿನ್ನ ಕೋರ್ಸಿನಲ್ಲಿ ಇದನ್ನು ಹೇಳಿಕೊಡಲಿಲ್ವಾ?” ಎಂದೆ ನೀನು. ನಾನು ನಕ್ಕೆ, ತಪ್ಪಾಯಿತು.

ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರೊಂದೇ ಇರುವುದು ಇವತ್ತು ಬೆಳಿಗ್ಗೆ ಸರಿ ಕಾಣಲಿಲ್ಲ ಅಕ್ಕ. ದೀಪಾವಳಿಗೆ ಹೊಸತು ಬರೆಸುವ, ಮೊದಲು ನಿನ್ನದು.

ಧನು