ಲೇಔಟಿನ್ಯಾಗ ಅಕ್ಕನ ಪಾಲು

ಮಾನ್ವಿ
18 ನವೆಂಬರ್ 2024

ಪ್ರೀತಿಯ ತಮ್ಮ ಅಮರೇಶಗ,

ಜೈಭೀಮ್. ನಾವೆಲ್ಲಾ ಆರಾಮ ಅದೀವಿ. ನೀನೂ ನಿನ್ನ ಹೆಂಡ್ತಿ ಮಲ್ಲಿಕಾನೂ ರಾಯಚೂರಾಗ ಆರಾಮ ಅದೀರಂತ ತಿಳಕೊಂಡೀನಿ. ಇಷ್ಟು ದಿನ ಫೋನ್ ಎತ್ತಲಿಲ್ಲಂತ ಸಿಟ್ಟಾಗಬ್ಯಾಡ. ಸಾಲ್ಯಾಗ ಪೇಪರ್ ತಿದ್ದೂದು ಅದ ಅಂತ ನಮ್ಮ ಮನಿಯವರ, ನಿಮ್ಮ ಮಾಮನ ಕೈಲೆ ಹೇಳಿಸಿದ್ದೆ, ಅದು ಸುಳ್ಳು. ಫೋನಿನ್ಯಾಗ ನೀ ನನ್ನ ಮಾತಾಡಾಕ ಬಿಡಂಗಿಲ್ಲ. ‘ಅಕ್ಕಾ, ತಡಿ, ಪಾರ್ಟಿ ಲೈನಿನ್ಯಾಗ ಅದಾರ’ ಅಂತಿ. ಕಾಗದಕ್ಕ ಹಂಗ ಅನ್ನಾಕ ಬರಂಗಿಲ್ಲ. ಅದಕ್ಕ ಬರ್ಯಾಕತ್ತೀನಿ, ಕುಂತು ಪೂರಾ ಓದು.

ನಿಮ್ಮ ಮಾಮಗ ಮಣಕಾಲ ಬ್ಯಾನಿ ಕಡಿಮಿ ಆಗ್ಯಾದ. ಬಸ್ ಡಿಪೋದಾಗ ಹಗಲ ಡ್ಯೂಟಿ ಹಾಕ್ಯಾರ. ಮಗಳು ದುರ್ಗಾಂದು ನರ್ಸಿಂಗ್ ಕೊನೀ ವರ್ಷ, ಮನ್ಯಾಗ ಯಾರರೆ ಕೆಮ್ಮಿದ್ರ ಸಾಕು, ನಾಲಿಗಿ ತೋರಸು ಅಂತಾಳ. ದೊಡ್ಡವ್ವ ಹುಲಗೆಮ್ಮ ತೀರಿಕೊಂಡಮ್ಯಾಲ ದೇವದುರ್ಗದಿಂದ ಆಕಿ ಟ್ರಂಕು ನಮ್ಮ ಮನಿಗೆ ತಂದೀವಿ. ಹಳೇ ಸೀರಿ, ಒಂದಿಷ್ಟು ಹಿತ್ತಾಳಿ ಸಾಮಾನು ಅದಾವ. ಮಲ್ಲಿಕಾಗ ಏನರೆ ಬೇಕಾದ್ರ ಬಂದು ನೋಡಲಿ.

ಮೊದಲ ಛಲೋ ಮಾತು ಹೇಳ್ತೀನಿ. ರಾಯಚೂರಿನ ಹೋಟೆಲಿನ್ಯಾಗ ನೀ ಕರೆದ ಮೀಟಿಂಗ್ ನೋಡಿ ನನಗ ಎದಿ ತುಂಬಿ ಬಂತು. ಲೆಕ್ಚರರ್ರು, ವಕೀಲರು, ಕರೆಂಟ್ ಆಫೀಸಿನ ನಾಗೇಶ, ಖಾರದಪುಡಿ ಗಿರಣಿ ನಡಸೂ ನೂರ್ ಬೀ, ಎಲ್ಲರೂ ಮೆತ್ತನ ಕುರ್ಚಿಮ್ಯಾಲ ಕುಂತು ನನ್ನ ತಮ್ಮ ಹೇಳೂದು ಕೇಳಾಕತ್ತಿದ್ರು. ‘ಬ್ಯಾಂಕಿಗೆ ಅಲೆದು ಚಪ್ಪಲ್ ಸವದಾವ. ನಾವ ನಾವ ಬಂಡವಾಳ ಕೂಡಸೋಣು. ಮಾನ್ವಿ ರೋಡಿಗೆ ಹೊಲ ತಗೊಂಡು, ಪರವಾನಗಿ ಮಾಡಿಸಿ, ಪ್ಲಾಟ್ ಹಾಕೋಣು. ಅಲ್ಲಿ ಪ್ಲಾಟ್ ಕೇಳಾಕ ಬಂದವರಿಗೆ ನೀವು ಯಾವ ಮಂದಿ ಅಂತ ಯಾರೂ ಕೇಳಂಗಿಲ್ಲ’ ಅಂದಿ. ನಾ ಟೀಚರ್ ಟ್ರೇನಿಂಗಿಗೆ ಬಂದಾಗ ರಾಯಚೂರಾಗ ಒಬ್ಬಾಕಿ ಮನಿ ಬಾಡಿಗಿ ಕೊಟ್ಟಂಗ ಮಾಡಿ, ನಾವು ಯಾವ ಮಂದಿ ಅಂತ ತಿಳದಮ್ಯಾಲ ಮುಂಗಡ ವಾಪಸ್ ಕೈಗೆ ಇಟ್ಟಿದ್ಲು. ಅದು ನೆನಪಾಗಿ ಎಲ್ಲರಿಗಿಂತ ಜೋರ ಚಪ್ಪಾಳಿ ಹೊಡದಾಕಿ ನಾನು.

ಇನ್ನ ಸಿಟ್ಟಿನ ಮಾತು. ಹೋದ ತಿಂಗಳು ನೀ ನಮ್ಮ ಮನಿಗೆ ಬಂದಾಗ, ನಾ ಸಾಲಿಂದ ಬರೂ ಮೊದಲ ದುರ್ಗಾನ ಜೋಡಿ ಕುಂತು ಟ್ರಂಕೆಲ್ಲಾ ಕೆದರಿ ನೋಡಿದಿ. ಆಮ್ಯಾಲ ರೊಟ್ಟಿ ಉಂಡು, ‘ಮಾಮಾ, ನೀವೂ ಒಂದು ಪಾಲು ಹಾಕ್ರಿ’ ಅಂತ ಅವರಿಗೆ ಅಂದಿ. ಅವರು ನನ್ನ ಮಾರಿ ನೋಡಿದ್ರು, ನೀ ನೋಡಲಿಲ್ಲ. ಈ ಮನ್ಯಾಗ ಉಳಿತಾಯ ಅಂತ ಇರೂದು ನನ್ನ ಪಗಾರದ್ದು ಅಂತ ನಿನಗ ಗೊತ್ತಿಲ್ಲೇನು? ನನ್ನ ಯಾಕ ಕೇಳಲಿಲ್ಲ ಅಂದ್ರ ಅಡಗಿಮನಿ ಬಾಗಲಾಗ ನಿಂತು, ‘ಅಕ್ಕಾ, ಕೊಟ್ಟ ಹೆಣ್ಮಗಳ ರೊಕ್ಕ ತವರಿನವರು ಮುಟ್ಟಬಾರದು. ನಾ ನಿನಗ ಸೀರಿ ಉಡಸಬೇಕು, ನಿನ್ನ ಮುಂದ ಕೈ ಚಾಚಿದ್ರ ಮಂದಿ ಏನಂತಾರ’ ಅಂದಿ. ಅದ ರೊಕ್ಕ ಮಾಮನ ಕೈಲೆ ಬಂದ್ರ ಮಡಿ, ನನ್ನ ಕೈಲೆ ಬಂದ್ರ ಮೈಲಿಗಿ ಏನ್ಲೇ? ಮಡಿ ಮೈಲಿಗಿ ನಮ್ಮ ಮನಿಗೆ ಯಾವಾಗ ಬಂತು? ಅವತ್ತು ಜಗಳಾಡಿ, ಚಾ ಸೈತ ಕುಡಿಲಾರದ ಹೋದಿ. ನಿಮ್ಮ ಮಾಮ ‘ನಿಮ್ಮಿಬ್ಬರ ನಡುವ ನನ್ನ ಯಾಕ ಸಿಗಸ್ತೀರಿ’ ಅಂತ ಕೊಡ ಹಿಡಕೊಂಡು ನೀರಿಗೆ ಹೋದ್ರು.

ಆದ್ರೂ ಆಮ್ಯಾಲ ಆ ಹೋಟೆಲ್ ಮೀಟಿಂಗಿಗೆ ಚೆಕ್ ಬರಕೊಂಡೇ ಬಂದಿದ್ದೆ. ಎಲ್ಲರ ಮುಂದ ಕೊಟ್ರ ನೀ ಒಲ್ಲೆ ಅನ್ನಂಗಿಲ್ಲ ಅಂತ ಲೆಕ್ಕ ಹಾಕಿದ್ದೆ. ಅಷ್ಟರಾಗ ನೀ ಪರದೆಮ್ಯಾಲ ಆ ಫೋಟೋ ಹಾಕಿದಿ. ತಲಿಮ್ಯಾಲ ಹರಕ ಸೆರಗು, ಕೈಯಾಗ ಕುಡಗೋಲು, ಕಂಕುಳಾಗ ಕೂಸು. ‘ಈಕಿ ನಮ್ಮಕ್ಕ. ಕಂಕುಳಾಗ ಇರಾಂವ ನಾನು. ಮೆಣಸಿನಕಾಯಿ ಹೊಲದಾಗ ಕಳೆ ಕಿತ್ತು ನನ್ನ ಓದಿಸ್ಯಾಳ. ಇಂಥಾ ಕೂಲಿ ಅಕ್ಕನ ತಮ್ಮ ನಾನು, ನನ್ನ ನಂಬ್ರಿ’ ಅಂದಿ. ಮಂದಿ ಕಣ್ಣು ಒರಸಿಕೊಂಡ್ರು. ಬಾಜೂಕ ಕುಂತ ನೂರ್ ಬೀ ನನ್ನ ಕೈ ಹಿಡಿದು, ‘ಎಷ್ಟು ತಕಲೀಫ್ ತಗೊಂಡೀರಿ ಟೀಚರಮ್ಮ. ಇಂಥಾ ಅಕ್ಕನ ತಮ್ಮ ಧೋಕಾ ಮಾಡಂಗಿಲ್ಲ ಬಿಡ್ರಿ’ ಅಂದ್ಲು. ಅಲ್ಲೇ ಎದ್ದು ಹೋಗಿ ಪಾಲಿಗೆ ಹೆಸರು ಬರಸಿ ಬಂದ್ಲು. ನಾ ಕುಂತಲ್ಲೇ ಕುಂತೆ. ಚೆಕ್ ಬ್ಯಾಗಿನ್ಯಾಗ ಉಳೀತು.

ಕೂಲಿ ಮಾಡಿದ್ದಕ್ಕ ನನಗ ನಾಚಿಕಿ ಇಲ್ಲ, ಅಮರ್ಯಾ. ನಿನ್ನ ಸೊಂಟಕ್ಕ ಕಟ್ಟಿಕೊಂಡು ಕಳೆ ಕಿತ್ತಿದ್ದು ಖರೇನ. ಆದ್ರ ಅರ್ಧ ಆಯುಷ್ಯ ಟೀಚರಾಗಿ ದುಡದೀನಿ, ಅದನ್ನ ನೀ ಒಂದು ಸಲಾನೂ ಹೇಳಲಿಲ್ಲ. ಅಕ್ಕನ ಕಷ್ಟ ನಿನಗ ಬಂಡವಾಳ ಆಗ್ತದ, ಅಕ್ಕನ ರೊಕ್ಕ ಆಗಂಗಿಲ್ಲ ಅಂದ್ರ ಅದ್ಯಾವ ನ್ಯಾಯ? ನನಗ ಬಾಳ ಸಂಕಟ ಆಗ್ಯಾದ.

ಚೆಕ್ ಇದರ ಜೋಡಿ ಇಟ್ಟೀನಿ. ಪಾಲುದಾರರ ಕಾಗದದಾಗ ‘ವೆಂಕಮ್ಮ, ಶಿಕ್ಷಕಿ’ ಅಂತ ಬರಸು. ಮಾಮನ ಹೆಸರಿಲೆ ಬ್ಯಾಡ, ದುರ್ಗಾನ ಹೆಸರಿಲೆ ಬ್ಯಾಡ. ಲಾಭ ಬಂದ್ರ ಎಲ್ಲರಂಗ ಕೊಡು, ಲುಕ್ಸಾನ್ ಆದ್ರ ಎಲ್ಲರಂಗ ನನಗೂ ಆಗ್ಲಿ. ಸೀರಿ ಬೇಕಾದ್ರ ಬ್ಯಾರೇನ ಉಡಸು, ಒಲ್ಲೆ ಅನ್ನಂಗಿಲ್ಲ. ಹೊಲದ ಕಾಗದಪತ್ರ ವಕೀಲರು ಪೂರಾ ನೋಡೂತನಕ ಯಾರ ರೊಕ್ಕಾನೂ ಖರ್ಚು ಮಾಡಬ್ಯಾಡ. ನೂರ್ ಬೀ ನಿನ್ನ ಲೆಕ್ಕ ನೋಡಿ ಕೊಟ್ಟಿಲ್ಲ, ಆ ಫೋಟೋ ನೋಡಿ ಕೊಟ್ಟಾಳ. ಬರೂ ಐತವಾರ ದೇವದುರ್ಗದಾಗ ಇನ್ನೊಂದು ಮೀಟಿಂಗ್ ಇಟ್ಟೀಯಂತ. ಅಲ್ಲಿ ಆ ಫೋಟೋ ಹಾಕಬ್ಯಾಡ. ನನ್ನ ಕರಿ, ನಾನ ಬಂದು ಯಾಕ ರೊಕ್ಕ ಹಾಕೀನಿ ಅಂತ ಮಂದಿಗೆ ಹೇಳ್ತೀನಿ.

ನಿನ್ನ ಕೆಲಸ ಕೈಗೂಡಲಿ. ನೀ ಹಾಕಿದ ಓಣ್ಯಾಗ ನಮ್ಮಂಥವರ ಮನಿ ದೀಪ ಹತ್ತಲಿ. ಮಲ್ಲಿಕಾಗ ನನ್ನ ಆಶೀರ್ವಾದ ತಿಳಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ವೆಂಕಮ್ಮ

ತಾ.ಕ.: ಈ ಮಾತು ಮ್ಯಾಲ ಬರ್ಯಾಕ ಕೈ ಏಳಲಿಲ್ಲ. ಆ ಫೋಟೋದಾಗ ಇರಾಕಿ ನಾನಲ್ಲಪ್ಪಾ. ಆಕಿ ನಮ್ಮವ್ವ. ಆಕಿ ತೀರಿಕೊಂಡಾಗ ನಿನಗ ಇನ್ನ ನಡಿಗಿ ಬಂದಿದ್ದಿಲ್ಲ. ಅವ್ವಂದು ಒಂದೂ ಫೋಟೋ ಇಲ್ಲಂತ ನಾವಿಬ್ಬರೂ ತಿಳಕೊಂಡಿದ್ವಿ. ನೋಡಿದ್ರ ದೊಡ್ಡವ್ವ ಟ್ರಂಕಿನ ತಳದಾಗ ಸೀರಿ ಮಡಿಕ್ಯಾಗ ಇಟ್ಟಿದ್ಲು. ಅವತ್ತು ಉಂಡಮ್ಯಾಲ ನಿನ್ನ ಕೈಯಾಗ ಇಟ್ಟು ತೋರಸಬೇಕಂತ ಇದ್ದೆ, ಜಗಳದಾಗ ಉಳೀತು. ಅದಕ್ಕೂ ಮೊದಲ, ಟ್ರಂಕು ಕೆದರಿದಾಗ, ನೀ ಅದನ್ನ ಮೊಬೈಲಿನ್ಯಾಗ ಹಿಡಕೊಂಡಿದ್ದಿ. ಅಷ್ಟು ದೊಡ್ಡ ಪರದೆಮ್ಯಾಲ ಅವ್ವನ್ನ ನಿಲ್ಲಿಸಿ ನೀ ‘ಈಕಿ ನಮ್ಮಕ್ಕ’ ಅಂದಾಗ ನನಗ ಎದ್ದು ಬಂದು ಚೆಕ್ ಕೊಡೂದು ಆಗಲಿಲ್ಲ. ನಿಂದೇನು ತಪ್ಪಿಲ್ಲ. ನಿನಗ ಅವ್ವನ ಮಾರಿ ಅಂದ್ರ ನನ್ನ ಮಾರೀನ. ಈಗ ಮೊಬೈಲ್ ತಗೊಂಡು ಫೋಟೋ ದೊಡ್ಡದು ಮಾಡಿ ನೋಡು. ಬಲಗಡಿ ಅಂಚಿನ್ಯಾಗ ಆಕಿ ಸೀರಿ ಹಿಡಕೊಂಡ ಒಂದು ಸಣ್ಣ ಕೈ ಕಾಣ್ತದ. ಅದು ನಂದು. ನಿನ್ನ ಎತ್ತಿಕೊಂಡು ನಿಂತಾಕಿ ಅವ್ವ.