ವಿತೋಮಿರ್ ಕೈಕುಲುಕಿದ್ದ ಮದುವೆ

ಸೆಪ್ಟೆಂಬರ್ ೧೪, ಶನಿವಾರ. ವ್ರಾನ್ಯೆ.

ಕಹಳೆಯನ್ನು ಪೆಟ್ಟಿಗೆಯಿಂದ ತೆಗೆಯದೆಯೇ ವಾಪಸು ಬಂದೆ. ಮದುವೆಯಂಗಳದಲ್ಲಿ ಆಗಲೇ ಬೇರೆ ತಂಡ ಊದುತ್ತಿತ್ತು.

“ಫೆಬ್ರವರಿಯಲ್ಲೇ ನಿಮ್ಮಜ್ಜ ವಿತೋಮಿರ್ ನಮ್ಮನ್ನ ಗೊತ್ತು ಮಾಡಿದ್ರಲ್ಲಪ್ಪಾ,” ಎಂದೆ ಮದುಮಗನಿಗೆ.

“ಅಜ್ಜ ನಂಗೇನೂ ಹೇಳ್ಲಿಲ್ಲ. ಇವ್ರ ಹತ್ರ ಕರಾರಿನ ಕಾಗದ ಇದೆ. ನಿಮ್ಮ ಹತ್ರ ಏನಿದೆ, ಮಾಮ?”

ಏನಿತ್ತು? ಪ್ಲಮ್ ಸಾರಾಯಿ ಕುಡಿದು ಮುದುಕ ಕುಲುಕಿದ್ದ ಕೈ. ಅವತ್ತು ನಮ್ಮ ತಂಡದ ಡೋಲಿನ ಸ್ತೋಯಾನ್ ಕಾಗದದ ಮಾತೆತ್ತಿದಾಗ ನಾನೇ ಗದರಿದ್ದೆ: “ಸುಮ್ನಿರೋ, ಹಿರಿಯರ ಮುಂದೆ ನನ್ನ ಮರ್ಯಾದೆ ತೆಗೀಬೇಡ.” ಇವತ್ತು ವಾಪಸು ಬರುವಾಗ ಅವನು ನನ್ನ ಪೆಟ್ಟಿಗೆಯನ್ನೂ ತಾನೇ ಹೊತ್ತ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಮೇಲೆ ಯಾರೇ ಕರೆಯಲಿ, ಮೊದಲು ಬರಹ, ಆಮೇಲೆ ಸಾರಾಯಿ.

ವಿತೋಮಿರ್ ಸುಳ್ಳುಗಾರನಲ್ಲ. ಏಪ್ರಿಲ್‌ನಲ್ಲಿ ಅವನನ್ನು ಮಣ್ಣು ಮಾಡುವಾಗ ಗುಂಡಿಯ ಪಕ್ಕ ನಿಂತು ಊದಿದವರೂ ನಾವೇ. ಆ ಮನೆಯಲ್ಲಿ ನಮ್ಮ ಒಪ್ಪಂದ ಗೊತ್ತಿದ್ದ ಒಬ್ಬನೇ ಒಬ್ಬನನ್ನು ಹೂಳುತ್ತಿದ್ದಾರೆಂದು ನನಗೆ ಹೊಳೆಯಲೇ ಇಲ್ಲ. ಎಷ್ಟು ಚೆನ್ನಾಗಿ ಊದಿದ್ದೆ ಅವತ್ತು.