ಪಂಕ್ತಿಯಿಂದ ಎದ್ದವನು

ಗಜೇಂದ್ರಗಡ
೧೧ ಫೆಬ್ರುವರಿ ೧೮೫೬, ಸೋಮವಾರ

ಮಗಳು ಶೇಖವ್ವನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಹೇಗಿದ್ದೀಯವ್ವಾ? ಐದು ತಿಂಗಳಾಯಿತು, ಈಗಲಾದರೂ ವಾಂತಿ ನಿಂತಿದೆಯೇ? ಬೆಟಗೇರಿಯ ನೀರು ಮೈಗೆ ಒಗ್ಗಿದೆಯೇ? ನಿನ್ನ ಅವ್ವ ಹುಣಸೆ ತೊಕ್ಕು ಕುಟ್ಟಿ ಗಡಿಗೆ ತುಂಬಿದ್ದಾಳೆ. ಗಾಡಿಯ ಸುಭಾನಸಾಬರು ಈ ಕಾಗದದ ಜೊತೆ ಅದನ್ನೂ ತರುತ್ತಾರೆ. ದಾರಿಯಲ್ಲಿ ಒಡೆದರೆ ಬೈಗಳು ನನಗೇ, ಸಾಬರಿಗಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಮಗ್ಗದ ಕುಣಿಯಿಂದ ಏಳುವಾಗ ನನ್ನ ಮೊಣಕಾಲು ಸ್ವಲ್ಪ ಹಿಡಿಯುತ್ತದೆ, ಅಷ್ಟೇ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಉತ್ತರ ಬರೆಯದೆ ಕುಳಿತದ್ದಕ್ಕೆ ಕೆಲಸದ ನೆಪ ಹೇಳಲಾರೆ. ಹೋದ ತಿಂಗಳು ನೀವಿಬ್ಬರೂ ಬಂದಾಗ ನಾನೂ ನಿನ್ನ ಗಂಡ ಪರಶಪ್ಪನೂ ಪಡಸಾಲೆಯಲ್ಲಿ ಒಟ್ಟಿಗೆ ಉಣ್ಣುತ್ತಿದ್ದೆವು. ನಾನು ಕ್ರೈಸ್ತ ದೀಕ್ಷಾಸ್ನಾನ ಪಡೆದ ಮೇಲೆ ನಾಲ್ಕು ವರ್ಷ ನಮ್ಮ ಹೊಸ್ತಿಲು ತುಳಿಯದ ನಿನ್ನ ದೊಡ್ಡಪ್ಪ ದ್ಯಾಮಪ್ಪ ಅದೇ ಹೊತ್ತಿಗೆ ಜಕ್ಕಲಿಯಿಂದ ಬಂದು ಬಾಗಿಲಲ್ಲಿ ನಿಂತ. ಬಾಯೊಳಗಿನ ತುತ್ತು ನುಂಗದೆಯೇ ನಾನು ಎದ್ದುಬಿಟ್ಟೆ. ನೀನು ಒಳಗಿನಿಂದ ರೊಟ್ಟಿ ತರುವಷ್ಟರಲ್ಲಿ ನಿನ್ನ ಗಂಡ ಅಂಗಳದ ಬೇವಿನ ಬುಡದಲ್ಲಿ ಒಬ್ಬನೇ ಕುಳಿತು ಉಣ್ಣುತ್ತಿದ್ದ. ಚಪ್ಪಲಿ ಹೊಲಿಯುವವರ ಮನೆಯಲ್ಲಿ ಹುಟ್ಟಿದವನಿಗೆ ಮಗಳನ್ನು ಕೊಟ್ಟೆನೆಂದು ಪ್ರಾರ್ಥನೆಯ ಕೂಟದಲ್ಲಿ ಎದೆ ಸೆಟೆಸಿ ಹೇಳಿಕೊಂಡವನೂ ನಾನೇ. ಅಂದು ಸಂಜೆಯೇ ನೀನು ಗಂಟು ಕಟ್ಟಿದೆ, ನನ್ನ ಮುಖ ನೋಡಲಿಲ್ಲ.

ಈಗ ನೀನೇ ಬರೆದಿದ್ದೀ, ಪರಶಪ್ಪ ಹೀಗಂದನೆಂದು: “ಮಾವಾರು ಅಣ್ಣಾರಿಗೆ ಮರ್ಯಾದಿ ಕೊಡಾಕ ಎದ್ರು. ನಾನ ಗಾಳಿಗಂತ ಹೊರಗ ಹೋಗಿ ಕುಂತ್ನಿ. ನೀ ಯಾಕ ಸಿಟ್ಟಾಗ್ತಿ?” ಅದನ್ನು ನಂಬಿ ನೀನು ನನ್ನ ಕ್ಷಮೆ ಕೇಳಿದ್ದೀ. ಆ ಸಾಲು ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ನಿನ್ನೆ ರವಿವಾರ ನಮ್ಮ ಮೂರು ಮನೆಯವರ ಕೂಟದಲ್ಲಿ ಎಂದಿನಂತೆ ನಾನೇ ಓದಿದೆ. ಹಿಂದಿನ ಕಾಲದಲ್ಲಿ ರೋಮಿನ ಅರಸರ ಕೈಕೆಳಗೆ ಗಲಾತ್ಯವೆಂಬ ಪ್ರಾಂತವಿತ್ತಲ್ಲ, ಅಲ್ಲಿ ಹೊಸದಾಗಿ ನಂಬಿದ ಮಂದಿಗೆ ಪೌಲ ಬರೆದ ಕಾಗದ ಅದು. ಅವರದೂ ನಮ್ಮದೇ ತಕರಾರು, ಯಾರ ಪಂಕ್ತಿಯಲ್ಲಿ ಯಾರು ಕೂಡಬೇಕು ಎಂಬುದು. ಹೊರಗಿನವರ ಜೊತೆ ಉಣ್ಣುತ್ತಿದ್ದ, ಪ್ರಭುವಿನ ಶಿಷ್ಯರಲ್ಲಿ ಹಿರಿಯನಾದ ಪೇತ್ರ, ತನ್ನ ಕಡೆಯವರು ಬಂದ ಕೂಡಲೇ ಹೆದರಿ ಹಿಂದೆ ಸರಿದ ಸಂಗತಿ ಬಂತು. ಕಣ್ಣು ನೋಯುತ್ತಿದೆಯೆಂದು ಪುಸ್ತಕ ಮುಚ್ಚಿದೆ. ಮನೆಗೆ ಬಂದ ಮೇಲೆ ನಿನ್ನ ಅವ್ವ, “ನಿಮ್ಮ ಕಣ್ಣಿಗೇನೂ ಆಗಿಲ್ಲ ಬಿಡ್ರಿ” ಅಂದಳು. ಪೇತ್ರನಂಥವನೇ ಜಾರಿದ ಮೇಲೆ ಈ ನೇಕಾರ ಯಾವ ಲೆಕ್ಕವೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಕ್ಷಮೆ ಕೇಳಬೇಕಾದವನು ನಾನು, ಮಗಳೇ. ನಿನ್ನನ್ನೂ ಹೊಟ್ಟೆಯೊಳಗಿನ ಕೂಸನ್ನೂ ದೇವರು ಕಾಯಲಿ. ಭಾರದ ಕೊಡ ಎತ್ತಬೇಡ. ಅವ್ವ ನಿಮ್ಮಿಬ್ಬರನ್ನೂ ಕೇಳಿದ್ದಾಳೆ.

ನಿನ್ನ ಅಪ್ಪ,
ಅಂದಾನಪ್ಪ

ತಾ.ಕ. ಸಾಬರು ಎತ್ತು ಹೂಡುತ್ತಿದ್ದಾರೆ. ಮೇಲೆ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಆ ದಿನ ನಾನು ಎದ್ದದ್ದಷ್ಟೇ ಅಲ್ಲ. ಅಣ್ಣ ಪರಶಪ್ಪನ ಕಡೆ ಕೈ ಮಾಡಿ “ಯಾರ ಇಂವಾ?” ಅಂದ. ನಾನು “ಕೂಲಿಗೆ ಬಂದಾನ” ಅಂದೆ. ಅಣ್ಣ ಅವನನ್ನೇ ಕೇಳಿದ, “ಹೌದೇನೋ?” ಪರಶಪ್ಪ ನನ್ನ ಮುಖ ನೋಡಿದ. “ಹೌದ್ರಿ” ಅಂದು ಉಣ್ಣುತ್ತಿದ್ದ ಗಂಗಾಳ ಎತ್ತಿಕೊಂಡು ಹೊರಗೆ ಹೋದ. ಅವನು ಇದನ್ನು ನಿನಗೆ ಹೇಳಿಲ್ಲ, ಹೇಳುವುದೂ ಇಲ್ಲ. ಈ ಕಾಗದವನ್ನು ಅವನ ಎದುರಿಗೇ ಗಟ್ಟಿಯಾಗಿ ಓದು.